ನಿನ್ನ ಮನೆಯಲ್ಲಿ ಮರ್ಸೆಡೆಸ್ ಯಾರು?

ಧಾರವಾಡ

ಚಿರಂಜೀವಿ ಮಗಳಿಗೆ ಅವ್ವನ ಆಶೀರ್ವಾದಗಳು.

ಕೆಲಸ ಬಿಟ್ಟು ಕಾದಂಬರಿ ಬರೆಯುತ್ತೇನೆ ಎಂದು ನೀನು ಹೇಳಿದಾಗ ನಾನು 'ಹೂಂ' ಎಂದಷ್ಟೇ ಅಂದು ಫೋನನ್ನು ನಿನ್ನ ಅಪ್ಪನ ಕೈಗೆ ಕೊಟ್ಟೆ. ಅದನ್ನು ನೀನು ಒಪ್ಪಿಗೆ ಎಂದುಕೊಂಡಿದ್ದೀಯಂತೆ. ಅವರು ಸಿಟ್ಟು ಎಂದುಕೊಂಡಿದ್ದಾರೆ. ಎರಡೂ ಅಲ್ಲ. ಇಂಥ ಮಾತಿಗೆ ನಿಂತ ನಿಲುವಿನಲ್ಲಿ ಉತ್ತರ ಕೊಡಲು ನನಗೆ ಬರುವುದಿಲ್ಲ. ಜೀವಮಾನವಿಡೀ ಪತ್ರಿಕೆಯ ಡೆಸ್ಕಿನಲ್ಲಿ ಕುಳಿತು ಇನ್ನೊಬ್ಬರ ಕಾಪಿ ತಿದ್ದಿದವಳು ನಾನು. ಕಾಗದದ ಮೇಲೆ ಇಳಿಯುವವರೆಗೆ ನನ್ನ ಅಭಿಪ್ರಾಯ ಏನೆಂದು ನನಗೇ ಗೊತ್ತಾಗುವುದಿಲ್ಲ.

ನೀನು ಎರಡು ಕಾರಣ ಕೊಟ್ಟೆ. ಸುದ್ದಿ ಬರೆದು ಬರೆದು ನಿನ್ನ ಭಾಷೆ ಸವೆದುಹೋಗಿದೆ ಎನ್ನುವುದು ಒಂದು. ಕೊಲಂಬಿಯಾದ ಲೇಖಕ ಮಾರ್ಕ್ವೆಜ್ ಕೂಡ ಪತ್ರಿಕೆಯ ನೊಗ ಕಳಚಿದ ಮೇಲೆಯೇ ಕಾದಂಬರಿಕಾರನಾದದ್ದು ಎನ್ನುವುದು ಇನ್ನೊಂದು. ಮೊದಲನೆಯದರ ಬಗ್ಗೆ ವಾದ ಮಾಡಬಹುದು. ಎರಡನೆಯದು ಮಾತ್ರ ತಪ್ಪು ಮಾಹಿತಿ. ತಪ್ಪು ಮಾಹಿತಿ ಕಂಡರೆ ಪೆನ್ನು ಹುಡುಕುವ ಚಟ ನಿವೃತ್ತಿಯಾದ ಮೇಲೂ ನನ್ನನ್ನು ಬಿಟ್ಟಿಲ್ಲವಾದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

1948ರ ಏಪ್ರಿಲ್ 9ರಂದು ಕೊಲಂಬಿಯಾದ ರಾಜಧಾನಿ ಬೊಗೊಟಾದಲ್ಲಿ ಗೈತಾನ್ ಎಂಬ ಜನನಾಯಕನನ್ನು ನಡುಬೀದಿಯಲ್ಲಿ ಗುಂಡಿಟ್ಟು ಕೊಂದರು. ಊರು ಹೊತ್ತಿ ಉರಿಯಿತು, ವಿಶ್ವವಿದ್ಯಾಲಯಕ್ಕೆ ಬೀಗ ಬಿತ್ತು. ಅಲ್ಲಿ ಒಲ್ಲದ ಮನಸ್ಸಿನಿಂದ ಕಾನೂನು ಓದುತ್ತಿದ್ದ ಗೇಬ್ರಿಯಲ್ ಗಾರ್ಸಿಯಾ ಮಾರ್ಕ್ವೆಜ್ ಎಂಬ 21ರ ಹುಡುಗ ಕರಾವಳಿಯ ಕಾರ್ತಹೇನಾ ಊರಿಗೆ ಬಂದು 'ಎಲ್ ಯೂನಿವರ್ಸಲ್' ಪತ್ರಿಕೆ ಸೇರಿದ. ಕಥೆಗಾರನೆಂದು ಆಗಲೇ ಸ್ವಲ್ಪ ಹೆಸರಿತ್ತು. ಆದರೂ ಅವನು ಬರೆದುಕೊಟ್ಟ ಮೊದಲ ಬರಹದ ಮೇಲೆ ಸಂಪಾದಕ ಸಬಾಲಾ ಕೆಂಪು ಪೆನ್ಸಿಲ್ ಹಿಡಿದು ಸಾಲುಸಾಲಾಗಿ ಹೊಡೆದುಹಾಕಿ, ನಡುನಡುವೆ ತಾನೇ ಬರೆದು ಅಚ್ಚಿಗೆ ಕಳಿಸಿದ. ಆ ಪೆನ್ಸಿಲ್ಲಿನ ಬಗ್ಗೆ ಮಾರ್ಕ್ವೆಜ್ ತನ್ನ ಆತ್ಮಕಥೆಯಲ್ಲಿ ಕೃತಜ್ಞತೆಯಿಂದ ಬರೆದಿದ್ದಾನೆ. ಈ ಒಂದೇ ಕಾರಣಕ್ಕೆ ನನಗೆ ಅವನ ಮೇಲೆ ಮಮತೆ. ಕಾಪಿ ತಿದ್ದಿದವರನ್ನು ಮುದಿತನದಲ್ಲಿ ನೆನೆಯುವ ಲೇಖಕರು ಎಷ್ಟು ಮಂದಿ ಸಿಗುತ್ತಾರೆ ಹೇಳು.

1950ರಲ್ಲಿ ಬಾರಾಂಕಿಯಾ ಎಂಬ ಊರಿನ 'ಎಲ್ ಎರಾಲ್ಡೊ' ಪತ್ರಿಕೆಗೆ ಹೋದ. ಅಲ್ಲಿ ಸೆಪ್ಟಿಮಸ್ ಎಂಬ ಸುಳ್ಳು ಹೆಸರಿನಲ್ಲಿ ಅವನದೊಂದು ಅಂಕಣ. ಅಂಕಣದ ಹೆಸರು 'ಜಿರಾಫೆ'. ಸಂಬಳ ಎಷ್ಟು ಕಡಿಮೆಯೆಂದರೆ ಸೂಳೆಯರು ಬಾಡಿಗೆಗಿದ್ದ ಕಟ್ಟಡದಲ್ಲಿ ಒಂದು ಕೋಣೆ ಹಿಡಿದಿದ್ದ. ಬಾಡಿಗೆಗೆ ದುಡ್ಡಿಲ್ಲದ ರಾತ್ರಿ ತನ್ನ ಮೊದಲ ಕಾದಂಬರಿಯ ಹಸ್ತಪ್ರತಿಯನ್ನೇ ಕಾವಲುಗಾರನ ಹತ್ತಿರ ಒತ್ತೆಯಿಟ್ಟು ಮಲಗುತ್ತಿದ್ದ. ಆ ಕಾದಂಬರಿಯನ್ನು ಅವನು ಬರೆದದ್ದು ಎಲ್ಲಿ ಗೊತ್ತೇ? ಪತ್ರಿಕೆಯ ಕಚೇರಿಯಲ್ಲಿ. ಎಲ್ಲರೂ ಮನೆಗೆ ಹೋದ ಮೇಲೆ ಖಾಲಿ ಕುರ್ಚಿಗಳ ನಡುವೆ ಕುಳಿತು ಬರೆಯುತ್ತಿದ್ದ. ಅಚ್ಚಿನ ಸಾಲುಗಳನ್ನು ಎರಕ ಹೊಯ್ಯುವ ಲೈನೋಟೈಪ್ ಯಂತ್ರಗಳ ಸದ್ದು ಮಳೆಯಂತೆ ಕೇಳುತ್ತಿತ್ತಂತೆ. ಯಂತ್ರ ನಿಂತು ನಿಶ್ಶಬ್ದವಾದರೆ ಬರೆಯಲು ಆಗುತ್ತಿರಲಿಲ್ಲವೆಂದು ಹೇಳಿಕೊಂಡಿದ್ದಾನೆ. ನಿನಗೆ ನಿಶ್ಶಬ್ದ ಬೇಕು, ಅದಕ್ಕೇ ಕೊಡಗಿನಲ್ಲಿ ಮೂರು ತಿಂಗಳಿಗೆ ಮನೆ ನೋಡುತ್ತಿದ್ದೀಯಲ್ಲ, ಅದಕ್ಕೆ ಈ ಮಾತು.

ಅದೇ ಕಾದಂಬರಿಯನ್ನು 1952ರಲ್ಲಿ ಬ್ಯೂನಸ್ ಐರಿಸ್‌ನ ದೊಡ್ಡ ಪ್ರಕಾಶಕರೊಬ್ಬರು ಹಿಂದಕ್ಕೆ ಕಳಿಸಿದರು. ಬೇರೆ ಯಾವುದಾದರೂ ಉದ್ಯೋಗ ನೋಡಿಕೊಳ್ಳುವುದು ಒಳ್ಳೆಯದು ಎಂಬ ಸಲಹೆಯೂ ಜೊತೆಗಿತ್ತು. ಅವನು ನೋಡಿಕೊಂಡ ಉದ್ಯೋಗ ಮತ್ತೂ ಪತ್ರಿಕೆಯದೇ. 1954ರಲ್ಲಿ ಬೊಗೊಟಾದ 'ಎಲ್ ಎಸ್ಪೆಕ್ತಾದೋರ್'ಗೆ ವರದಿಗಾರನಾಗಿ ಸೇರಿದ.

ಆ ಕಾಲದ ಒಂದು ಕಥೆ ನಿನಗೆ ನಗು ತರಿಸಬಹುದು, ನನಗೆ ತರಿಸುವುದಿಲ್ಲ. ದೇಶದ ಪಶ್ಚಿಮದ ಚೋಕೊ ಎಂಬ ಹಿಂದುಳಿದ ಪ್ರಾಂತ್ಯವನ್ನು ಒಡೆದು ನೆರೆಯ ಪ್ರಾಂತ್ಯಗಳಿಗೆ ಹಂಚಲು ಸರ್ಕಾರ ಹೊರಟಿತ್ತು. ಅದರ ವಿರುದ್ಧ ಭಾರೀ ಪ್ರತಿಭಟನೆ ನಡೆದಿದೆ ಎಂದು ಸ್ಥಳೀಯ ಬಾತ್ಮೀದಾರ ತಂತಿಯ ಮೇಲೆ ತಂತಿ ಕಳಿಸುತ್ತಿದ್ದ. ಮಾರ್ಕ್ವೆಜ್ ಛಾಯಾಗ್ರಾಹಕನನ್ನು ಕಟ್ಟಿಕೊಂಡು ಅಷ್ಟು ದೂರ ಹೋಗಿ ನೋಡಿದರೆ ಊರು ಬಿಸಿಲಿಗೆ ನಿದ್ದೆ ಹೊಡೆಯುತ್ತಿತ್ತು. ಬರಿಗೈಯಲ್ಲಿ ಮರಳಲು ಮನಸ್ಸಾಗದೆ ಇವರೇ ಜನ ಸೇರಿಸಿ ಪ್ರತಿಭಟನೆ ಮಾಡಿಸಿ ಫೋಟೊ ತೆಗೆದರಂತೆ. ಫೋಟೊ ಅಚ್ಚಾದ ಮೇಲೆ ನಿಜವಾದ ಪ್ರತಿಭಟನೆ ಎದ್ದಿತಂತೆ. ಇದನ್ನು ಅವನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ನನ್ನ ಡೆಸ್ಕಿಗೆ ಅಂಥವನು ಬಂದಿದ್ದರೆ ಮಾರನೆಯ ದಿನವೇ ಮನೆಗೆ ಕಳಿಸುತ್ತಿದ್ದೆ. ಕಟ್ಟುಕಥೆಗೆ ಕಾದಂಬರಿ ಎಂಬ ಜಾಗ ಇರುವಾಗ ಅದನ್ನು ಮುಖಪುಟಕ್ಕೆ ಯಾಕೆ ತರಬೇಕು?

ಆದರೆ ಮಾರನೆಯ ವರ್ಷ ಅವನು ಮಾಡಿದ ಕೆಲಸವನ್ನು ನೋಡು. 1955ರ ಫೆಬ್ರುವರಿ 28ರಂದು ಅಮೆರಿಕದ ಮೊಬೈಲ್ ಎಂಬ ಊರಿನ ಬಂದರಿನಿಂದ ಮರಳುತ್ತಿದ್ದ 'ಕಾಲ್ದಾಸ್' ಎಂಬ ಕೊಲಂಬಿಯಾದ ಯುದ್ಧನೌಕೆಯಿಂದ ಎಂಟು ನಾವಿಕರು ಕಡಲಿಗೆ ಬಿದ್ದರು. ಬಿರುಗಾಳಿಗೆ ಸಿಕ್ಕು ಬಿದ್ದರು ಎಂದು ಸರ್ಕಾರ ಹೇಳಿತು. ಲೂಯಿಸ್ ಅಲೆಹಾಂದ್ರೊ ವೆಲಾಸ್ಕೊ ಎಂಬವನೊಬ್ಬ ತೆಪ್ಪದ ಮೇಲೆ ಅನ್ನ ನೀರಿಲ್ಲದೆ 10 ದಿನ ತೇಲಿ ದಡ ಸೇರಿದ. ರಾಷ್ಟ್ರವೀರನೆಂದು ಮೆರವಣಿಗೆ ಮಾಡಿದರು, ಅವನ ಕೈಗಡಿಯಾರ, ಅವನ ಬೂಟು ಎಲ್ಲ ಜಾಹೀರಾತಾದವು. ಎಲ್ಲ ಪತ್ರಿಕೆಗಳೂ ಹಿಂಡಿ ಬಿಟ್ಟ ಮೇಲೆ ಅವನು ತನ್ನ ಕಥೆ ಮಾರುತ್ತೇನೆಂದು 'ಎಲ್ ಎಸ್ಪೆಕ್ತಾದೋರ್' ಕಚೇರಿಗೆ ಬಂದ. ಹಳಸಿದ ಸುದ್ದಿ ಎಂದು ಮಾರ್ಕ್ವೆಜ್‌ಗೆ ಇಷ್ಟವಿರಲಿಲ್ಲ. ಸಂಪಾದಕ ಕಾನೊ ಬಿಡಲಿಲ್ಲ.

ಮಾರ್ಕ್ವೆಜ್ ದಿನಕ್ಕೆ ಆರು ಗಂಟೆಯಂತೆ 20 ದಿನ ವೆಲಾಸ್ಕೊನನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿಸಿದ. ಸುಳ್ಳು ಹೇಳುತ್ತಾನೋ ಎಂದು ಅಡ್ಡಪ್ರಶ್ನೆ ಹಾಕಿದ. ನಡುವೆ ಒಂದು ದಿನ, ಬಿರುಗಾಳಿಯನ್ನು ವರ್ಣಿಸು ಎಂದಾಗ ವೆಲಾಸ್ಕೊ, ಬಿರುಗಾಳಿ ಎಲ್ಲಿತ್ತು ಎಂದುಬಿಟ್ಟ. ಇದ್ದದ್ದು ಜೋರು ಗಾಳಿ, ದೊಡ್ಡ ಅಲೆ. ಹಡಗು ವಾಲಿದಾಗ ಡೆಕ್ಕಿನ ಮೇಲೆ ಸಡಿಲವಾಗಿ ಕಟ್ಟಿದ್ದ ರೆಫ್ರಿಜರೇಟರು, ಟಿವಿ, ಬಟ್ಟೆ ಒಗೆಯುವ ಯಂತ್ರಗಳ ಪೆಟ್ಟಿಗೆಗಳು ಜಾರಿ, ಅವುಗಳ ಜೊತೆ ಮನುಷ್ಯರೂ ಜಾರಿದ್ದರು. ಯುದ್ಧನೌಕೆಯಲ್ಲಿ ಕಳ್ಳಸಾಗಣೆ! 14 ಕಂತುಗಳಲ್ಲಿ, ವೆಲಾಸ್ಕೊ ತಾನೇ ಹೇಳಿಕೊಂಡಂತೆ, ಅವನದೇ ಹೆಸರಿನಲ್ಲಿ ಧಾರಾವಾಹಿ ಬಂತು. ಜನ ಸಾಲುಗಟ್ಟಿ ಪತ್ರಿಕೆ ಕೊಂಡರು. ಸರ್ಕಾರ ನಿರಾಕರಿಸಿದಾಗ ಪತ್ರಿಕೆಯವರು ಹಡಗಿನಲ್ಲಿದ್ದ ಇತರ ನಾವಿಕರ ಕ್ಯಾಮೆರಾಗಳಲ್ಲಿದ್ದ ಚಿತ್ರಗಳನ್ನು ಹುಡುಕಿ ತಂದು ಅಚ್ಚುಹಾಕಿದರು. ಚಿತ್ರದಲ್ಲಿದ್ದವರ ಬೆನ್ನ ಹಿಂದೆ ಆ ಪೆಟ್ಟಿಗೆಗಳು ಸ್ಪಷ್ಟವಾಗಿ ಕಾಣುತ್ತಿದ್ದವು.

ಇದನ್ನು ಇಷ್ಟು ಉದ್ದಕ್ಕೆ ಬರೆದದ್ದಕ್ಕೆ ಕಾರಣವಿದೆ. ಇನ್ನೊಬ್ಬನ ಬಾಯಿಂದ 'ನಾನು' ಎಂದು ಹೇಳಿಸುವುದು, ಇವತ್ತಿನ ಕಂತು ಓದಿದವನನ್ನು ನಾಳೆಗೆ ಕಾಯಿಸುವುದು, ಹತ್ತು ದಿನ ಬರೀ ನೀರು ಆಕಾಶ ಇರುವ ಕಡೆ ಘಟನೆಯನ್ನು ಕಾಣುವುದು, ಇವೆಲ್ಲ ಕಾದಂಬರಿಕಾರನ ವಿದ್ಯೆಗಳು. ಅವನು ಇವನ್ನು ಕಲಿತದ್ದು ಸಂಬಳ ತೆಗೆದುಕೊಂಡು, ಸಂಪಾದಕ ಬೆನ್ನ ಹಿಂದೆ ನಿಂತಿದ್ದಾಗ. ಆಮೇಲೂ ಒಂದು ಸಂದರ್ಶನದಲ್ಲಿ ಪತ್ರಿಕೋದ್ಯಮದ ಈ ಉಪಕಾರವನ್ನು ಹೇಳಿದ್ದಾನೆ: ಆಕಾಶದಲ್ಲಿ ಆನೆಗಳು ಹಾರುತ್ತಿವೆ ಎಂದರೆ ಯಾರೂ ನಂಬುವುದಿಲ್ಲ, 425 ಆನೆಗಳು ಹಾರುತ್ತಿವೆ ಎಂದರೆ ನಂಬಿಯಾರು. ಎಷ್ಟು ಜನ, ಎಷ್ಟು ಗಂಟೆಗೆ, ಯಾವ ಓಣಿ ಎಂದು ಡೆಸ್ಕಿನವರು ನಿನ್ನನ್ನು ಕಾಡುವುದರಿಂದ ಕಲ್ಪನೆ ಸಾಯುತ್ತದೆ ಎಂದು ನೀನು ಗೊಣಗುತ್ತೀಯಲ್ಲ, ನಿನ್ನ ಗುರುವೇ ಅದನ್ನು ಒಪ್ಪುವುದಿಲ್ಲ.

ಆ ವರದಿಯ ಬೆಲೆಯನ್ನೂ ಅವನು ತೆತ್ತ. ಸೇನಾಡಳಿತದ ಕಣ್ಣು ಕೆಂಪಾಯಿತು. ಅವನನ್ನು ಯುರೋಪಿಗೆ ವರದಿಗೆಂದು ಕಳಿಸಿದರು. ಅವನು ಅಲ್ಲಿರುವಾಗಲೇ ಬೊಗೊಟಾದಲ್ಲಿ ಪತ್ರಿಕೆ ಮುಚ್ಚಿತು. ಪ್ಯಾರಿಸ್ಸಿನ ಹೋಟೆಲೊಂದರ ಅಟ್ಟದ ಕೋಣೆಯಲ್ಲಿ, ಬಾಡಿಗೆ ಕೊಡಲಾಗದೆ, ಊರಿನಿಂದ ಬರಲಿರುವ ದುಡ್ಡಿಗೆ ಕಾಯುತ್ತಾ, ಬಾರದ ಪಿಂಚಣಿಗಾಗಿ ವಾರ ವಾರವೂ ಅಂಚೆಗೆ ಕಾಯುವ ಮುದಿ ಕರ್ನಲ್ಲನ ಕಥೆ ಬರೆದ. ಹೀಗೆ ಕೆಲಸ ಹೋದದ್ದಕ್ಕೂ ಕೆಲಸ ಬಿಡುವುದಕ್ಕೂ ವ್ಯತ್ಯಾಸವಿದೆ ಎಂಬುದನ್ನು ದಯವಿಟ್ಟು ಗಮನಿಸು.

ಇನ್ನು ನಿನ್ನ ಭಾಷೆ ಸವೆದ ವಿಚಾರ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿದಾಗ ನೀನು ಊರೂರು ತಿರುಗಿ ಬರೆದದ್ದನ್ನೆಲ್ಲ ನಾನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಒಳ್ಳೆಯ ವರದಿಗಳು, ಬಿಗಿಯಾಗಿವೆ. ಆದರೆ ಆ ವಾರ ಮನೆಗೆ ಬಂದಾಗ ಊಟಕ್ಕೆ ಕುಳಿತು ನೀನು ಹೇಳಿದ ಒಬ್ಬ ಅಜ್ಜಿಯ ಕಥೆ ಅವುಗಳಲ್ಲಿ ಎಲ್ಲೂ ಇಲ್ಲ. ಮನೆಗೆ ನೀರು ನುಗ್ಗಿದರೂ ದೋಣಿ ಹತ್ತದೆ, ಗೋಡೆಗೆ ಆನಿಸಿದ್ದ ಗಂಡನ ಊರುಗೋಲು ಸಿಗುವವರೆಗೆ ಬರುವುದಿಲ್ಲವೆಂದು ಹಟ ಹಿಡಿದವಳು. ಗಂಡ ಸತ್ತು ವರ್ಷಗಳಾಗಿತ್ತು. ಕೋಲು ಸಿಕ್ಕಿದ ಮೇಲೆ ಅದನ್ನು ದಡದಲ್ಲೇ ಬಿಟ್ಟು ಹೋದಳು ಎಂದೆ. ನೀನು ಬರೆದಿದ್ದೆಯಂತೆ, ಡೆಸ್ಕಿನಲ್ಲಿ ಜಾಗವಿಲ್ಲವೆಂದು ತೆಗೆದರಂತೆ. ಅವರ ಜಾಗದಲ್ಲಿ ನಾನಿದ್ದರೂ ತೆಗೆಯುತ್ತಿದ್ದೆ. ಮುಳುಗಿದ ಮನೆಗಳ ಲೆಕ್ಕ, ಗಂಜಿ ಕೇಂದ್ರದ ವಿಳಾಸ ಮೊದಲು ಹೋಗಬೇಕು. ಆದರೆ ತೆಗೆದದ್ದು ಕಸಕ್ಕೆ ಹೋಗಬೇಕೆಂದು ಯಾರು ಹೇಳಿದರು? ಅವಳು ಯಾಕೆ ಹಾಗೆ ಮಾಡಿದಳು ಎಂಬುದು ನಿನಗೆ ಇವತ್ತಿಗೂ ಗೊತ್ತಿಲ್ಲ. ಸುದ್ದಿಯಾಗದ್ದು ಅದಕ್ಕೇ. ನಿನ್ನ ಭಾಷೆ ಸವೆದಿಲ್ಲ ಮಗಳೇ. ಸುದ್ದಿ ಕೇಳದ ಪ್ರಶ್ನೆಗಳನ್ನು ಎತ್ತಿಡಲು ನೀನು ಜಾಗ ಮಾಡಿಕೊಂಡಿಲ್ಲ.

ಮಾರ್ಕ್ವೆಜ್ ಅಂಥದೊಂದನ್ನು 30 ವರ್ಷ ಎತ್ತಿಟ್ಟಿದ್ದ. 1951ರ ಜನವರಿಯಲ್ಲಿ ಸೂಕ್ರೆ ಎಂಬ ಊರಿನಲ್ಲಿ ಅವನ ಗೆಳೆಯನೊಬ್ಬನನ್ನು ಹಾಡಹಗಲೇ, ಊರೆಲ್ಲ ನೋಡುತ್ತಿರುವಾಗ ಇರಿದು ಕೊಂದರು. ಹೆಣ್ಣಿನ ಮಾನದ ಹೆಸರಿನಲ್ಲಿ ನಡೆದ ಕೊಲೆ. ತಕ್ಷಣ ವರದಿ ಬರೆಯಲು ಅವನ ಕೈ ತುರಿಸಿತು. ಸತ್ತವನ ತಾಯಿ ಬದುಕಿರುವವರೆಗೆ ಬರೆಯಬೇಡವೆಂದು ಅವನ ತಾಯಿ ಹೇಳಿದಳು. ಅವನು ಅವ್ವನ ಮಾತು ಕೇಳಿದ (ಇದನ್ನು ಅಡಿಗೆರೆ ಹಾಕಿಕೊಂಡು ಓದು). 1981ರಲ್ಲಿ ಬಂದಾಗ ಅದು ಕಾದಂಬರಿಯಾಗಿತ್ತು, ಆದರೆ ನಡೆ ವರದಿಗಾರನದೇ: ವರ್ಷಗಳ ನಂತರ ಒಬ್ಬ ಊರಿಗೆ ಮರಳಿ, ಕಂಡವರನ್ನೆಲ್ಲ ಒಬ್ಬೊಬ್ಬರಾಗಿ ಮಾತಾಡಿಸುತ್ತಾನೆ. ಕೊಲೆಯಾದ ಬೆಳಿಗ್ಗೆ ಬಿಸಿಲಿತ್ತು ಎಂದು ಕೆಲವರು, ಇಲ್ಲ ತುಂತುರು ಹನಿಯುತ್ತಿತ್ತು ಎಂದು ಕೆಲವರು. ನನ್ನ ಡೆಸ್ಕಿಗೆ ಅಂಥ ಕಾಪಿ ಬಂದಿದ್ದರೆ ಹವಾಮಾನ ಇಲಾಖೆಗೆ ಫೋನ್ ಮಾಡು, ಯಾವುದಾದರೂ ಒಂದು ಬರೆ ಎನ್ನುತ್ತಿದ್ದೆ. ಅವನು ಎರಡನ್ನೂ ಉಳಿಸಿಕೊಂಡ. ಸಾಯುವವನಿಗೆ ಸಕಾಲದಲ್ಲಿ ಎಚ್ಚರಿಕೆ ಹೇಳದೆ ಹೋದ ಊರೊಂದು ಆಮೇಲೆ ಹೇಗೆ ನೆನಪಿಸಿಕೊಳ್ಳುತ್ತದೆ ಎಂಬುದು ಆ ಬಿಸಿಲು ಮಳೆಯ ಗೊಂದಲದಲ್ಲೇ ಇದೆ. ಪತ್ರಿಕೆಯವರಿಗೆ ಸಾಧ್ಯವಿಲ್ಲದ್ದು ಇದು. ಆದರೆ ಪತ್ರಿಕೆಯಲ್ಲಿ ಪಳಗದವನಿಗೆ ಅದನ್ನು ಬರೆಯಲು ಆಗುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.

ನಮ್ಮವರ ಉದಾಹರಣೆ ಬೇಕೆಂದರೆ ಪಕ್ಕದಲ್ಲೇ ಗೋಕಾಕ ತಾಲ್ಲೂಕಿನ ಮಲಾಮರಡಿಯ ಬಸವರಾಜ ಕಟ್ಟೀಮನಿ ಇದ್ದಾರೆ. ಪತ್ರಕರ್ತರ ಬಡತನವನ್ನು, ಪತ್ರಿಕೆಯ ಒಳಗಿನ ಬೇಗೆಯನ್ನು ಉಂಡು, ಅದನ್ನೇ 'ಜ್ವಾಲಾಮುಖಿಯ ಮೇಲೆ' ಎಂದು ಕಾದಂಬರಿ ಮಾಡಿದರು. 1968ರಲ್ಲಿ ಅದಕ್ಕೆ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ಬಂತು. ಅಟ್ಟದ ಮೇಲಿನ ಕಪಾಟಿನಲ್ಲಿದೆ, ಬಂದಾಗ ಓದು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ನೀನು ಹಿಡಿದಿರುವ ಕಥೆ ಯಾವುದೆಂದು ನನಗೆ ಗೊತ್ತು. 1965ರಲ್ಲಿ ಮಾರ್ಕ್ವೆಜ್ ಸಂಸಾರ ಸಮೇತ ಮೆಕ್ಸಿಕೋ ನಗರದಿಂದ ಅಕಾಪುಲ್ಕೊಗೆ ಕಾರಿನಲ್ಲಿ ಹೋಗುತ್ತಿದ್ದಾಗ 'ಒಂದು ನೂರು ವರ್ಷಗಳ ಏಕಾಂತ' ಕಾದಂಬರಿಯ ದಾರಿ ಹೊಳೆಯಿತು; ಬಂದವನೇ ಕೋಣೆ ಸೇರಿ 18 ತಿಂಗಳು ಬರೆದ; 1967ರಲ್ಲಿ 8,000 ಪ್ರತಿ ಅಚ್ಚಾಯಿತು, ಜಗತ್ತೇ ಓದಿತು, 1982ರಲ್ಲಿ ನೊಬೆಲ್ ಬಂತು. ಸರಿ. ಆ 18 ತಿಂಗಳು ಅವನ ಮನೆಯಲ್ಲಿ ಒಲೆ ಹೇಗೆ ಉರಿಯಿತು?

ಅವನ ಹೆಂಡತಿ, ಮರ್ಸೆಡೆಸ್ ಬಾರ್ಚಾ ಎಂಬ ಹೆಂಗಸು ಉರಿಸಿದಳು. ಇಬ್ಬರು ಚಿಕ್ಕ ಗಂಡುಮಕ್ಕಳು. ಕೂಡಿಟ್ಟದ್ದು ಮುಗಿಯಿತು, ಕಾರು ಹೋಯಿತು, ಆಮೇಲೆ ಮನೆಯ ಸಾಮಾನು ಒಂದೊಂದಾಗಿ ಗಿರವಿ ಅಂಗಡಿ ಸೇರಿತು. ಮಾಂಸದಂಗಡಿಯಲ್ಲಿ ಉದ್ರಿ, ಮನೆ ಬಾಡಿಗೆ ತಿಂಗಳುಗಟ್ಟಲೆ ಬಾಕಿ. ಮನೆಯ ಮಾಲೀಕನ ಹತ್ತಿರ ಗಡುವು ಕೇಳಿದವಳು ಅವಳು. ಕೊನೆಗೆ ಹಸ್ತಪ್ರತಿಯನ್ನು ಬ್ಯೂನಸ್ ಐರಿಸ್‌ಗೆ ಕಳಿಸಲು ಅಂಚೆ ಕಚೇರಿಗೆ ಹೋದರೆ 82 ಪೆಸೊ ಎಂದರು, ಇವರ ಹತ್ತಿರ ಇದ್ದದ್ದು 53. ಕಟ್ಟನ್ನು ಎರಡು ಭಾಗ ಮಾಡಿ ಅರ್ಧ ಕಳಿಸಿದರು. ಮನೆಗೆ ಬಂದು ಕೋಣೆ ಬೆಚ್ಚಗಿಡುವ ಹೀಟರ್, ಕೂದಲು ಒಣಗಿಸುವ ಯಂತ್ರ, ಮಿಕ್ಸಿ ಇವನ್ನು ಒತ್ತೆಯಿಟ್ಟು ಉಳಿದರ್ಧ ಕಳಿಸಿದರು. ಅವಸರದಲ್ಲಿ ಮೊದಲು ಕಳಿಸಿದ್ದು ಕಾದಂಬರಿಯ ಎರಡನೆಯ ಅರ್ಧವಂತೆ. ಇನ್ನು ಈ ಕಾದಂಬರಿ ಚೆನ್ನಾಗಿಲ್ಲ ಅನ್ನಿಸಿಕೊಳ್ಳುವುದೊಂದು ಬಾಕಿ ಎಂದು ಮರ್ಸೆಡೆಸ್ ಅಂದಳಂತೆ. ಇಡೀ ಕಥೆಯಲ್ಲಿ ನನಗೆ ನಂಬಿಕೆ ಬರುವ ಮಾತು ಅದೊಂದೇ.

ನಿನ್ನ ಮನೆಯಲ್ಲಿ ಮರ್ಸೆಡೆಸ್ ಯಾರು?

ಅಳಿಯಂದಿರು ಒಳ್ಳೆಯವರು, ನಾನು ದೂರುತ್ತಿಲ್ಲ. ನೀನು ಬರೆಯುವುದೆಂದರೆ ಅವರಿಗೆ ಹೆಮ್ಮೆ. ಆದರೆ ಮಗುವಿನ ಶಾಲೆಯ ಪೋಷಕರ ಸಭೆ ಎಂದು, ಗ್ಯಾಸ್ ಬುಕ್ ಮಾಡುವುದು ಯಾವಾಗ ಎಂದು, ಅತ್ತೆಯವರ ಬಿಪಿ ಮಾತ್ರೆ ಯಾವ ಡಬ್ಬಿಯಲ್ಲಿದೆ ಎಂದು ಈಗ ಯಾರಿಗೆ ಗೊತ್ತು? ಗಂಡಸು ಕೋಣೆಯ ಬಾಗಿಲು ಹಾಕಿಕೊಂಡರೆ ಬರೆಯುತ್ತಿದ್ದಾನೆ ಎನ್ನುತ್ತಾರೆ. ಹೆಂಗಸು ಕೆಲಸ ಬಿಟ್ಟು ಮನೆಯಲ್ಲಿ ಕುಳಿತರೆ ಮನೆಯಲ್ಲೇ ಇದ್ದಾಳೆ ಎನ್ನುತ್ತಾರೆ. ಕಚೇರಿ ಇರುವಾಗ ಸಂಜೆ ಏಳರವರೆಗೆ ನಿನ್ನನ್ನು ಯಾರೂ ಕರೆಯುವುದಿಲ್ಲ. ರಾಜೀನಾಮೆ ಕೊಟ್ಟ ಮರುದಿನದಿಂದ ಎಲ್ಲರ ಕೊರಿಯರ್ ಪೊಟ್ಟಣವನ್ನೂ ನೀನೇ ತೆಗೆದುಕೊಳ್ಳಬೇಕಾಗುತ್ತದೆ. ನೀನು ಬಿಡುಗಡೆ ಎಂದುಕೊಂಡಿರುವುದು ಬೇರೆಯದೇ ಪಾಳಿ, ಅದಕ್ಕೆ ವಾರದ ರಜೆಯೂ ಇಲ್ಲ.

ಹಾಗೆಂದು ಬೇಡ ಎನ್ನುತ್ತಿಲ್ಲ. ನಂಜನಗೂಡು ತಿರುಮಲಾಂಬ ಅವರನ್ನು ನೆನಪಿಸಿಕೋ. ಬಾಲ್ಯದಲ್ಲೇ ವಿಧವೆಯಾದವರು, ನೂರು ವರ್ಷಗಳ ಹಿಂದೆ ಪತ್ರಿಕೆ ನಡೆಸಿದರು, 'ಸತೀಹಿತೈಷಿಣಿ' ಎಂದು ಗ್ರಂಥಮಾಲೆ ನಡೆಸಿದರು, ಕಾದಂಬರಿ ಬರೆದು ತಾವೇ ಪ್ರಕಟಿಸಿದರು. ಅವರ ಬೆನ್ನಿಗಿದ್ದದ್ದು ತವರುಮನೆ. ನಿನಗೂ ತವರುಮನೆಯೊಂದಿದೆ, ಆದ್ದರಿಂದ ನನ್ನ ಕರಾರುಗಳನ್ನು ಕೇಳು.

ರಾಜೀನಾಮೆ ಪತ್ರವನ್ನು ಸದ್ಯಕ್ಕೆ ಕೊಡಬೇಡ. ಮುಖ್ಯ ವರದಿಗಾರರನ್ನು ಕೇಳಿ ಸಾಪ್ತಾಹಿಕ ಪುರವಣಿಗೆ ವರ್ಗ ಮಾಡಿಸಿಕೋ. ಅಪರಾಧ ಸುದ್ದಿಯ ಹಿಂದೆ ರಾತ್ರಿ ಓಡಾಡುವುದು ತಪ್ಪಿದರೆ ಬೆಳಿಗ್ಗೆ ಎರಡು ಗಂಟೆ ಸಿಗುತ್ತದೆ. ಅಷ್ಟರಲ್ಲಿ ಐವತ್ತು ಪುಟ ಆಗದಿದ್ದರೆ ಇಡೀ ದಿನ ಸಿಕ್ಕರೂ ಆಗುವುದಿಲ್ಲ. ಪಿಎಫ್ ಹಣ ಮುಟ್ಟಬೇಡ. ಒಂದು ವರ್ಷದ ಮನೆಖರ್ಚು ನಿನ್ನ ಹೆಸರಿನ ಖಾತೆಯಲ್ಲಿ ಕೂಡಿದ ದಿನ ಸಂಬಳವಿಲ್ಲದ ರಜೆ ಕೇಳು, ಆಗಲೂ ರಾಜೀನಾಮೆಯಲ್ಲ. ನನ್ನ ಬಂಗಾರವನ್ನು ಗಿರವಿ ಇಡುತ್ತೇನೆಂದು ತಿಳಿಯಬೇಡ. ಅದು ನನ್ನ ದುಡಿಮೆಯದು, ನಾನು ಮರ್ಸೆಡೆಸ್ ಅಲ್ಲ.

ಕೊಡಗಿನ ಮನೆಯ ಮುಂಗಡ ಕೊಟ್ಟಿಲ್ಲ ತಾನೆ? ಇಲ್ಲಿ ಮಹಡಿಯ ಕೋಣೆ ಖಾಲಿ ಇದೆ. ಬೇಸಿಗೆ ರಜೆಯಲ್ಲಿ ಮಗುವನ್ನು ಕರೆದುಕೊಂಡು ಬಾ. ಮೇಜಿನ ಮೇಲಿದ್ದ ನಿನ್ನ ಅಪ್ಪನ ಹೋಮಿಯೋಪತಿ ಸೀಸೆಗಳನ್ನು ಕೆಳಗೆ ಇಳಿಸಿದ್ದೇನೆ, ಅವರಿಗೆ ಸ್ವಲ್ಪ ಬೇಸರವಾಗಿದೆ. ಮಗುವನ್ನು ಬೆಳಿಗ್ಗೆ ಅವರು ನೋಡಿಕೊಳ್ಳುತ್ತಾರೆ. ಸಾಧನಕೇರಿಯ ಕೆರೆಯ ಸುತ್ತ ತಿರುಗಿಸಿಕೊಂಡು ಬರುತ್ತೇನೆ ಎಂದು ಈಗಲೇ ಒಪ್ಪಿಕೊಂಡಿದ್ದಾರೆ. ಮಧ್ಯಾಹ್ನದವರೆಗೆ ಮೇಲೆ ಯಾರೂ ಬರುವುದಿಲ್ಲ. ರಾತ್ರಿಯ ಅಡುಗೆ ನಿನ್ನದು. ಬರೆದದ್ದನ್ನು ದಿನಾ ತೋರಿಸಬೇಡ, ನಾನು ಕೇಳುವುದೂ ಇಲ್ಲ. ಮೊದಲ ಕರಡು ಪೂರ್ತಿಯಾದಾಗ ಕೊಡು. ಆಗ ನನ್ನ ಕೆಂಪು ಪೆನ್ನು ತೆಗೆಯುತ್ತೇನೆ, ಮಗಳೆಂಬ ದಾಕ್ಷಿಣ್ಯ ಇರುವುದಿಲ್ಲ.

ಆ ನೆರೆಯ ವರ್ಷದ ನೋಟ್‌ಬುಕ್ಕುಗಳು ನಿನ್ನ ಹತ್ತಿರವೇ ಇದ್ದರೆ ತಾ. ರದ್ದಿಗೆ ಹಾಕಿದ್ದರೆ ಮಾತ್ರ ನನಗೆ ಹೇಳಬೇಡ. ಹುಬ್ಬಳ್ಳಿ ಕಡೆಯ ರೈಲುಗಳು ಏಪ್ರಿಲ್‌ನಲ್ಲಿ ತುಂಬಿರುತ್ತವೆ, ಟಿಕೆಟನ್ನು ಈ ವಾರವೇ ಕಾಯ್ದಿರಿಸು. ಅಳಿಯಂದಿರಿಗೆ ನಮ್ಮ ನಮಸ್ಕಾರ ತಿಳಿಸು, ಮಗುವಿಗೆ ಮುದ್ದು.

ನಿನ್ನ
ಅವ್ವ